ಪಡೆ ಕರಗಿತು, ನಾವು ಉಳಿದೆವು

ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ತುಂಬುವುದು ನಿಂತ ಮೇಲೆ ನಮ್ಮ ತುಕಡಿಯಲ್ಲಿ ಇಂಥವು ನಡೆಯುತ್ತಲೇ ಇವೆ. ನಾನು ದೇವಸಮುದ್ರದವನು, ಸೇನೆಯಲ್ಲಿ ಹವಾಲ್ದಾರ. ಆಗ ನಗು ಬಂದಿರಲಿಲ್ಲ, ಈಗ ಬರುತ್ತೆ.

ಗೇಟಿನಲ್ಲಿ ಯಾರು?

ಅವತ್ತು ದೊಡ್ಡ ಸಾಹೇಬರ ತಪಾಸಣೆ. ಜನ ಸಾಲದೆ ನಮ್ಮ ಕ್ಯಾಪ್ಟನ್ ಬೆವರುತ್ತಿದ್ದರು. ಗೇಟಿನಲ್ಲಿ ಸೆಲ್ಯೂಟ್ ಹೊಡೆದವನು ನಾನು. ಸಾಹೇಬರು ಮುಂದೆ ಹೋಗುತ್ತಲೇ ಹಿಂದಿನ ದಾರಿಯಿಂದ ಓಡಿ ಬಂದೂಕಿನ ಕೋಣೆಯ ಮುಂದೆ ನಿಂತೆ. ಅಲ್ಲಿಂದ ಅಡುಗೆಮನೆಗೆ ಓಡಿ ಸೌಟು ಹಿಡಿದೆ. ಸಾಹೇಬರು ನನ್ನನ್ನೇ ದಿಟ್ಟಿಸಿದರು.

“ನಿಮ್ಮಮ್ಮನಿಗೆ ಗಂಡುಮಕ್ಕಳು ಎಷ್ಟು ಜನಪ್ಪಾ?”

“ನಾನೊಬ್ಬನೇ ಸಾರ್.”

“ಹಾಗಾದರೆ ಗೇಟಿನಲ್ಲಿರೋನು ಯಾರು?”

ಬಾಯಿತಪ್ಪಿ ನಿಜ ಹೇಳಿಬಿಟ್ಟೆ. “ಈಗ ಅಲ್ಲಿ ಯಾರೂ ಇಲ್ಲ ಸಾರ್!”

ಅವ್ವನ ಫೋನು

ನಮ್ಮ ತುಕಡಿಯನ್ನೇ ಇನ್ನೊಂದಕ್ಕೆ ಸೇರಿಸುತ್ತಾರಂತೆ ಅಂತ ಸುದ್ದಿ ಹಬ್ಬಿತು. ಯಾರಿಗೂ ಅನ್ನ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಅವ್ವನ ಫೋನು.

“ನಿಮ್ನೆಲ್ಲ ತೆಗೀತಾರಂತಲ್ಲೋ? ನಮ್ಮೂರ ಹತ್ರ ಕುದಾಪುರದಾಗೆ ಆಳಿಲ್ದಂಗೆ ಇಮಾನ ಆರಿಸ್ತಾರಂತೆ, ಅದ್ಕೇನಾ?”

“ಇರಬೌದವ್ವಾ. ಭಯ ಆಗ್ತೈತೆ.”

“ಆಗ್ಲಿ ಬಿಡು. ಬರೋವಾಗ ಕುರಿ ಕಾಯೋ ಅಂತಾ ಇಮಾನ ಒಂದು ಐತಾ ಕೇಳ್ಕೊಂಡು ಬಾ.”

ನನ್ನದೇ ಸೀಲು

ಗುಮಾಸ್ತ ನಿವೃತ್ತನಾದ ಮೇಲೆ ಕಚೇರಿ ಕೆಲಸವೂ ನನ್ನ ತಲೆಗೇ ಬಂತು. ರಜೆ ಅರ್ಜಿಗಳಿಗೆಲ್ಲ ‘ಜನ ಸಾಲದು, ರಜೆ ಕೊಡಬಾರದು’ ಅಂತ ಸೀಲು ಹೊಡೆಯಬೇಕೆಂದು ಆದೇಶ. ಅದೇ ವಾರ ಚಳ್ಳಕೆರೆಯಿಂದ ಅತ್ತೆ ಫೋನು ಮಾಡಿ, “ನಮ್ಮ ಮಗಳನ್ನ ಹೆರಿಗೆಗೆ ಆಸ್ಪತ್ರೆಗೆ ಸೇರಿಸೀವಿ, ಆಪರೇಶನ್ ಆಗ್ಬೇಕಂತೆ, ಜಲ್ದಿ ಬರ್ರಿ” ಅಂದರು. ನನ್ನ ರಜೆ ಅರ್ಜಿ ಬರೆದು, ಉಳಿದವರ ಅರ್ಜಿಗಳ ಕಟ್ಟಿನಲ್ಲಿ ಸೇರಿಸಿ ಒಳಗೆ ಕಳಿಸಿದೆ.

ಕ್ಯಾಪ್ಟನ್ ಕರೆಸಿದರು. “ಈ ಅರ್ಜಿ ಯಾರದು?”

“ನಂದು ಸಾರ್.”

“ಕೊಡಬಾರದು ಅಂತ ಸೀಲು ಹೊಡೆದೋನು?”

“ಅದೂ ನಾನೇ ಸಾರ್.” ಗಾಬರಿಯಲ್ಲಿ ನನ್ನದನ್ನೂ ಸೇರಿಸಿ ಇಡೀ ಕಟ್ಟಿಗೆ ಸೀಲು ಹೊಡೆದಿದ್ದೆ!

“ಇಬ್ಬರಲ್ಲಿ ಯಾರ ಮಾತು ಕೇಳಲಿ?”

“ಅರ್ಜಿ ಹಾಕಿದೋನದು ಸಾರ್. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ.”

ಕ್ಯಾಪ್ಟನ್ ನಗಲಿಲ್ಲ. ಸಹಿ ಹಾಕಿ, “ಓಡು” ಅಂದರು. ಯಾರೋ ಅಡ್ಡ ಸೀಲು ಹೊಡೆದಿದ್ದಕ್ಕೆ ತಡವಾಯಿತೆಂದು ಅತ್ತೆಗೆ ಫೋನು ಮಾಡಿ ರೈಲು ಹತ್ತಿದೆ.

ಚಳ್ಳಕೆರೆ ಮುಟ್ಟುವಷ್ಟರಲ್ಲಿ ಮಗಳು ಹುಟ್ಟಿದ್ದಳು. ತಾಯಿ ಮಗು ಇಬ್ಬರೂ ಕ್ಷೇಮ. ನನ್ನನ್ನು ಕಂಡದ್ದೇ ಹೆಂಡತಿಗೆ ಅಳು, ಅದರ ಹಿಂದೆಯೇ ಸಿಟ್ಟು.

“ಅದ್ಯಾವನ್ರೀ ಅವ್ನು, ಸೀಲು ಹೊಡೆದೋನು? ಅವ್ನ ಕೈ ಸೇದೋಗ!”

ಮಗಳನ್ನು ಎತ್ತಿಕೊಳ್ಳಲು ಚಾಚಿದ್ದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.