ಬಿಳಿ ಪಂಚೆಯೂ ಕಲ್ಲಿದ್ದಲ ಎಂಜಿನ್ನೂ

ರೈಲನ್ನೇ ನಂಬಿ ಬದುಕುವ ನಮ್ಮ ಡೊಂಬಿವಲಿಯಲ್ಲಿ ನಗುವ ಪ್ರಸಂಗಗಳಿಗೆ ಕೊರತೆಯಿಲ್ಲ. ಮುಂಬಯಿಯಿಂದ ಥಾಣೆಗೆ ಹೋಗುವ ಹಳೆಯ ಹಳಿಯ ಮೇಲೆ ಮತ್ತೆ ಕಲ್ಲಿದ್ದಲ ಎಂಜಿನ್ ಓಡುತ್ತದೆ, ನೋಡಬಯಸುವವರನ್ನು ಕೂರಿಸಿಕೊಂಡು ಹೋಗುತ್ತದೆ ಎಂದು ನನಗೆ ಮೊದಲು ಹೇಳಿದವರು ನೆರೂಳದ ನನ್ನ ಷಡ್ಡಕ. ಅದನ್ನು ಕೇಳಿದ ನಮ್ಮತ್ತೆ ಮುರಿಯುತ್ತಿದ್ದ ಅಲಸಂಡೆ ಕೆಳಗಿಟ್ಟರು. ತೀರಿಹೋದ ಮಾವ ಕಲ್ಯಾಣ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು.

"ಆ ಹೊಗೆಯ ವಾಸನೆ ಇನ್ನೊಂದು ಸಲ ಸಿಕ್ಕಿದ್ರೆ ಸಾಕಿತ್ತು," ಎಂದರು ಅತ್ತೆ. ಅವರು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಟಿಕೆಟ್ ತೆಗೆಸಿದೆ.

೧. ಕರ್ಚೀಫು

ನಮ್ಮ ಹೌಸಿಂಗ್ ಸೊಸೈಟಿಯ ನೆರೆಹೊರೆಯವರೂ ಹೊರಟರು. ಎಲ್ಲರಿಗೂ ಸೀಟು ನಿಗದಿಯಾಗಿತ್ತು. ಆದರೂ ಗಾಡಿ ನಿಲ್ಲುವ ಮೊದಲೇ ಹಾರಿ ಹತ್ತಿ, ಸೀಟಿಗೆ ಕರ್ಚೀಫು ಎಸೆದರು. ರೈಲುಡಬ್ಬಿಯ ಸಿಬ್ಬಂದಿ, "ಕಾಕಾ, ಸೀಟಿನ ಮೇಲೆ ನಿಮ್ಮದೇ ನಂಬರ್ ಇದೆಯಲ್ಲ," ಎಂದ. ಹುಬ್ಬಳ್ಳಿ ಕಡೆಯ ನಮ್ಮ ಸೆಕ್ರೆಟರಿ ಬೆವರೊರೆಸಿಕೊಂಡು, "ಇರ್ಲಿ ಬಿಡೊ ತಮ್ಮಾ, ನಂಬರೂ ಇರ್ಲಿ," ಎಂದರು.

೨. ತೀರ್ಥ

ಗಾಡಿ ಹೊರಡುವ ಮೊದಲು ಎಂಜಿನ್ನಿನ ಹತ್ತಿರ ಹೋದೆ. ಕಪ್ಪು ಮೈ, ಒಳಗೆ ನಿಗಿನಿಗಿ ಕೆಂಡ, ಉಸಿರಾಡುವಂಥ ಸದ್ದು. ಗರ್ಭಗುಡಿಯ ಎದುರು ನಿಂತಂತಾಯಿತು. ಚಾಲಕನ ಒಪ್ಪಿಗೆ ಕೇಳಿ ತೆಂಗಿನಕಾಯಿ ಒಡೆದೆ. ಅವನೂ ಟೊಪ್ಪಿ ತೆಗೆದು ನಿಂತ. ಕಾಯಿಯ ನೀರನ್ನು ಎಂಜಿನ್ನಿಗೆ ಎರೆದು, ಕೆಳಗೆ ಕೈಯೊಡ್ಡಿ ತೀರ್ಥಕ್ಕೆ ಕಾದೆ. ಚುಂಯ್ ಎಂದಿತು, ಒಂದು ಹನಿಯೂ ಇಳಿಯಲಿಲ್ಲ.

"ಇದಕ್ಕೆ ಬಾಯಾರಿಕೆ ಜಾಸ್ತಿ ಕಾಕಾ," ಎಂದ ಚಾಲಕ.

೩. ಇಳಿಯುವವರು

ಥಾಣೆಗಿಂತ ಒಂದು ಸ್ಟೇಷನ್ ಹಿಂದಿನ ಮುಲುಂಡ್ ಬರುವಷ್ಟರಲ್ಲಿ ಇಡೀ ಡಬ್ಬಿ ಎದ್ದು ಬಾಗಿಲಿಗೆ ನುಗ್ಗಿತು. ಅಭ್ಯಾಸಬಲದಿಂದ ನಾನೂ ಹೋಗಿ ಬಾಗಿಲಲ್ಲಿ ನಿಂತೆ. "ಥಾಣೆಯೇ ಕೊನೆ, ಗಾಡಿ ಮುಂದೆ ಹೋಗುವುದಿಲ್ಲ, ಕೂತುಕೊಳ್ಳಿ," ಎಂದು ಸಿಬ್ಬಂದಿ ಬೇಡಿಕೊಂಡ.

"ಅದು ಗೊತ್ತೈತಿ ತಮ್ಮಾ," ಎಂದರು ಸೆಕ್ರೆಟರಿ, "ಹತ್ತೋ ಮಂದಿ ಇಳಿಯಾಕ ಬಿಡಬೇಕಲ್ಲ?"

೪. ಶಲ್ಯ

ದೇವಸ್ಥಾನಕ್ಕೆ ಹೋಗುವಂತೆ ನಾನು ಬಿಳಿ ಪಂಚೆ ಉಟ್ಟು ಶಲ್ಯ ಹೊದ್ದಿದ್ದೆ. "ಬಿಳಿ ಬೇಡ," ಎಂದಿದ್ದರು ಅತ್ತೆ. ಕೇಳಿರಲಿಲ್ಲ. ಥಾಣೆಯಲ್ಲಿ ಇಳಿದಾಗ ಅವರ ಮುಖ ಸಪ್ಪೆಯಾಗಿತ್ತು. ಗಾಳಿ ಆಚೆ ಬೀಸಿ, ಅವರ ಕಿಟಕಿಗೆ ಹೊಗೆ ಬರಲೇ ಇಲ್ಲವಂತೆ. ಬಂದದ್ದೆಲ್ಲ ಆಚೆ ಬಾಗಿಲಲ್ಲಿ ನಿಂತ ನನ್ನ ಮೇಲೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಹತ್ತಿರ ಬಂದು ಶಲ್ಯದ ತುದಿ ಹಿಡಿದು ಮೂಸಿ, ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತು ಬಿಡಲೇ ಇಲ್ಲ. ನಾನು ಕಂಬದ ಹಾಗೆ ನಿಂತಿದ್ದೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಶಲ್ಯವನ್ನು ಬಕೆಟಿಗೆ ಹಾಕಹೊರಟಳು. ಅತ್ತೆ ಅದನ್ನು ಕಸಿದುಕೊಂಡು ಮಡಚಿ ತಲೆದಿಂಬಿನ ಕೆಳಗಿಟ್ಟರು.

"ಇದು ಹೀಗೇ ಇರ್ಲಿ. ಬೇಕಿದ್ರೆ ನಿನ್ನ ಗಂಡನನ್ನು ತೊಳಿ."

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಪ್ರಾರ್ಥನೆ. ಆ ರೈಲಿಗೆ ಬಿಳಿಯನ್ನೇ ಉಟ್ಟು ಹೋಗಿ ಎಂಬುದನ್ನೂ ಸೇರಿಸಿ ಹೇಳಿ.