ಟೀವಿ ಕೆಳಗಿನ ಪೆಟ್ಟಿಗೆ ಮತ್ತು ಅಮ್ಮನ ಅಕ್ಷತೆ

ನಮ್ಮ ಮನೆಯಲ್ಲಿ ಒಂದು ಸಾಮಾನು ಸರಿಮಾಡಿಸಿದರೆ ಅದು ಅಲ್ಲಿಗೇ ಮುಗಿದ ದಾಖಲೆ ಇಲ್ಲ. ಮಿಕ್ಸಿ ರಿಪೇರಿಗೆ ಕೊಟ್ಟರೆ ಬೇರೆಯವರ ಮುಚ್ಚಳ ಬರುತ್ತದೆ, ಫ್ಯಾನು ಸರಿಹೋದ ದಿನವೇ ಟ್ಯೂಬ್‌ಲೈಟು ಕೈಕೊಡುತ್ತದೆ. ಇಪ್ಪತ್ತು ವರ್ಷದ ಚೆನ್ನೈ ವಾಸದಲ್ಲಿ ಇದಕ್ಕೆಲ್ಲ ನಾನು ಒಗ್ಗಿಹೋಗಿದ್ದೆ. ಆದರೆ ಪುರಸೈವಾಕ್ಕಂ ಮನೆಯಲ್ಲಿ ಟೀವಿ ಕೆಳಗಿನ ಪೆಟ್ಟಿಗೆಗೆ ಹೊಸ ಜೀವ ಕೊಡಿಸಲು ಹೋಗಿ ಪಟ್ಟ ಪಾಡು ಮಾತ್ರ ಇವತ್ತಿಗೂ ಮರೆತಿಲ್ಲ.

ಪೆಟ್ಟಿಗೆ ಎಂದರೆ ನಮ್ಮ ಹಳೆಯ ಕಂಪ್ಯೂಟರು. ಬರೆಯುವ ಮೇಜಿನಿಂದ ನಿವೃತ್ತಿಯಾದ ಮೇಲೆ ಅದನ್ನು ಟೀವಿಗೆ ಸೇರಿಸಿ, ಹಾಡು ಸಿನಿಮಾ ಎಲ್ಲ ತುಂಬಿಟ್ಟಿದ್ದೆವು. ಅಮ್ಮ ಅದಕ್ಕೆ ಇಟ್ಟ ಹೆಸರು ಪೆಟ್ಟಿಗೆ. ಆ ವರ್ಷ ಮೈಸೂರಿನಲ್ಲಿ ನಮ್ಮಣ್ಣನ ಮಗಳ ಮದುವೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅವಳನ್ನು ನೋಡಿಕೊಳ್ಳಲು ನನ್ನ ಹೆಂಡತಿ ಉಳಿದಳು, ಹೋದವನು ನಾನೊಬ್ಬನೇ. ಹೊರಡುವಾಗ ಅಮ್ಮ ಒಂದು ಪೊಟ್ಟಣ ಅಕ್ಷತೆ ಕೈಗಿಟ್ಟು, "ಮೊದಲನೇ ಮೊಮ್ಮಗಳು ಕಣೋ. ಗಟ್ಟಿಮೇಳ ಬಾರಿಸಿದಾಗ ಇದನ್ನ ನನ್ನ ಹೆಸರಲ್ಲಿ ನೀನೇ ಹಾಕ್ಬೇಕು," ಅಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ವಾಪಸು ಬಂದವನು, ಮದುಮಗಳ ನೆತ್ತಿಯ ಮೇಲೇ ಬೀಳುವ ಹಾಗೆ ಹಾಕಿದೆ ಎಂದು ವರದಿ ಒಪ್ಪಿಸಿದ್ದೆ.

ಶಬ್ದ ಮುಂದೆ, ಚಿತ್ರ ಹಿಂದೆ

ಎರಡು ತಿಂಗಳಾದ ಮೇಲೆ ಅಣ್ಣ ಮದುವೆಯ ವಿಡಿಯೋ ಕಳಿಸಿದ. ಜೊತೆಗೆ ಫೋನು ಮಾಡಿ, ಇದು ಸಾಮಾನ್ಯದ್ದಲ್ಲ, ಎಚ್‌ಡಿ, ಮದುಮಗಳ ರೆಪ್ಪೆಯ ಕೂದಲು ಎಣಿಸಬಹುದು ಎಂದು ಜಂಬ ಕೊಚ್ಚಿದ. ನಾವೂ ಅಷ್ಟರಲ್ಲಿ ಅಗಲದ ಹೊಸ ಟೀವಿ ತಂದಿದ್ದೆವು. ಅಮ್ಮ ರೇಷ್ಮೆ ಸೀರೆ ಉಟ್ಟು, ಮುಷ್ಟಿಯಲ್ಲಿ ಹೊಸದಾಗಿ ಕಲಸಿದ ಅಕ್ಷತೆ ಹಿಡಿದು ಎದುರಿಗೆ ಕೂತಳು. ನಾನು ಹಾಕಿ ಆಗಿದೆಯಲ್ಲಮ್ಮ ಅಂದೆ. ಕಣ್ಣಾರೆ ನೋಡ್ತಾ ಇದ್ರೆ ಕೈ ಸುಮ್ಮನಿರುತ್ತೇನೋ ಅಂದಳು.

ಪೆಟ್ಟಿಗೆಗೆ ಆ ಭಾರ ಎಳೆಯಲಾಗಲಿಲ್ಲ. ಶಬ್ದ ಓಡುತ್ತಿತ್ತು, ಚಿತ್ರ ತೆವಳುತ್ತಿತ್ತು. ಗಟ್ಟಿಮೇಳ ಜೋರಾಗಿ ಕೇಳುತ್ತಿದೆ, ಚಿತ್ರದಲ್ಲಿ ಸೋದರಮಾವ ಇನ್ನೂ ಹುಡುಗಿಯ ಕೈಹಿಡಿದು, ಒಂದು ಕಾಲೆತ್ತಿ ನಿಂತುಬಿಟ್ಟಿದ್ದಾನೆ. ಅಮ್ಮ ಎತ್ತಿದ ಕೈ ಇಳಿಸದೆ ನನ್ನ ಕಡೆ ತಿರುಗಿ ಕೇಳಿದಳು:

"ಶಬ್ದಕ್ಕೆ ಹಾಕ್ಲೋ, ಚಿತ್ರಕ್ಕೆ ಹಾಕ್ಲೋ?"

ನಾನು ಪೆಟ್ಟಿಗೆ ಆರಿಸಿದೆ. ಈ ಪ್ರಶ್ನೆಗೆ ಉತ್ತರ ಪಂಚಾಂಗದಲ್ಲೂ ಇರಲಾರದು.

ದೇವಸ್ಥಾನದ ಪೆಟ್ಟಿಗೆ

ಬರುವ ಭಾನುವಾರ ಹೊಸ ಜೋಡಿ ನಮ್ಮ ಮನೆಗೆ ಊಟಕ್ಕೆ ಬರುವುದಿತ್ತು. ಅಷ್ಟರೊಳಗೆ ಧಾರೆ ನೋಡಿಯೇ ತೀರಬೇಕು, ಮದುವೆಯನ್ನೇ ನೋಡದ ಅಜ್ಜಿ ಯಾವ ಮುಖ ಇಟ್ಟುಕೊಂಡು ಆ ಹುಡುಗನಿಗೆ ಬಡಿಸಲಿ ಎಂದು ಅಮ್ಮ ಹಟ ಹಿಡಿದಳು. ಎಗ್ಮೋರಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವನು ಪಕ್ಕದ ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನಿನಿಂದ ಒಣಗಿದ ಸೇವಂತಿಗೆ ಎಸಳು ಉದುರಿದವು. ಆಯುಧಪೂಜೆ ದಿನ ಅಮ್ಮ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ನೆತ್ತಿಯ ಮೇಲೆ ಹೂವಿಡುತ್ತಿದ್ದಳು. ಐದು ವರ್ಷದ ಪೂಜೆ ಸೀಳುಗಳಲ್ಲಿ ಇಳಿದು ಒಳಗೆ ಸೇರಿತ್ತು. ಅವನು ಎಸಳುಗಳನ್ನು ಭಕ್ತಿಯಿಂದಲೇ ಕಾಗದದ ಮೇಲೆ ಗುಡ್ಡೆ ಹಾಕಿ, "ಸಾರ್, ಇದು ಕಂಪ್ಯೂಟರಾ, ಕೋವಿಲಾ?" ಅಂದ.

ಎಚ್‌ಡಿ ಓಡಿಸಬೇಕೆಂದರೆ ಹೊಸ ಗ್ರಾಫಿಕ್ಸ್ ಕಾರ್ಡು ಬೇಕು ಎಂಬುದು ಅವನ ತೀರ್ಮಾನ. ಕಾರ್ಡಿಗೂ ತನ್ನದೇ ಒಂದು ಫ್ಯಾನಿರುತ್ತದಂತೆ, ಅದರ ಹತ್ತಿರ ಹೂವು ಸುಳಿಯಬಾರದಂತೆ. ನಾನು ತಲೆಯಾಡಿಸಿದೆ. ಹೂವನ್ನಷ್ಟೇ ಹೇಳಿದ್ದ, ಅಕ್ಷತೆಯ ಮಾತೇ ಬರಲಿಲ್ಲ.

ಹಳೆಯದರಲ್ಲಿ ಉಳಿದದ್ದು

ಮಾರನೆಯ ದಿನ ಅಂಗಡಿಯಿಂದ ಫೋನು. ಹೊಸ ಕಾರ್ಡಿಗೆ ಹಳೆಯ ಪವರ್ ಸಪ್ಲೈ ಸಾಲದು, ಬದಲಾಯಿಸಬೇಕು ಅಂದ. ಸರಿ ಅಂದೆ. ಅದರ ಮಾರನೆಯ ದಿನ, ಕಾರ್ಡು ಹಳೆಯ ಮದರ್‌ಬೋರ್ಡಿನಲ್ಲಿ ಕೂರುತ್ತಿಲ್ಲ ಅಂದ. ಬೋರ್ಡು ಬದಲಾಯಿತು. ಹೊಸ ಬೋರ್ಡಿಗೆ ಹಳೆಯ ಪ್ರೊಸೆಸರು ಒಗ್ಗಲಿಲ್ಲ, ಪ್ರೊಸೆಸರಿಗೆ ಹಳೆಯ ರ‍್ಯಾಮು ಹಿಡಿಸಲಿಲ್ಲ. ಒಬ್ಬ ಅಳಿಯನನ್ನು ಕರೆದರೆ ಬೀಗರ ಬಳಗವೆಲ್ಲ ಬಂದಿಳಿದ ಹಾಗಾಯಿತು. ನಾನು ಫೋನು ಬಂದಾಗಲೆಲ್ಲ ಸರಿ ಅನ್ನುತ್ತಾ ಹೋದೆ.

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಮನೆಗೆ ಬಂತು. ಒಳಗೆ ಕಾವು ಜಾಸ್ತಿ, ಪಕ್ಕದ ಮುಚ್ಚಳ ತೆಗೆದೇ ಇಡಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ನನ್ನ ಹೆಂಡತಿ ಸುತ್ತ ಒಂದು ಸಲ ಬಂದು ನೋಡಿ, "ಏನೂಂದ್ರೆ, ಇದರಲ್ಲಿ ನಮ್ಮದು ಅಂತ ಏನು ಉಳಿದಿದೆ?" ಅಂದಳು.

ನಾನೂ ಬಗ್ಗಿ ಹುಡುಕಿದೆ. ಡಬ್ಬದ ಹಣೆಯ ಮೇಲೆ ಅಮ್ಮ ಹಚ್ಚಿದ ಕುಂಕುಮ ಇನ್ನೂ ಇತ್ತು.

ಬಾಗಿಲ ಹತ್ತಿರ ಕೂತವನು

ಹನ್ನೊಂದಕ್ಕೆ ಹುಡುಗ ಹುಡುಗಿ ಬಂದರು. ಅಮ್ಮ ಅವರನ್ನು ತನ್ನ ಎರಡು ಪಕ್ಕ ಕೂರಿಸಿಕೊಂಡು, ಮತ್ತೆ ಮುಷ್ಟಿ ತುಂಬ ಅಕ್ಷತೆ ಹಿಡಿದಳು. ನಿಜವಾದ ಮದುಮಕ್ಕಳೇ ಪಕ್ಕದಲ್ಲಿದ್ದಾರಲ್ಲ, ಅವರಿಗೇ ಹಾಕು ಅಂದೆ. ಮುಹೂರ್ತ ಇರೋದು ಅಲ್ಲಿ, ಇವರು ಊಟಕ್ಕೆ ಬಂದೋರು ಅಂದಳು.

ಪೆಟ್ಟಿಗೆ ಹೊಸ ಉಸಿರಿನಲ್ಲಿ ಓಡಿತು. ನೀರಿನ ಹಾಗೆ ಹರಿಯುವ ಚಿತ್ರ. ನನ್ನ ಹೆಂಡತಿ ಸೀರೆಗಳ ಅಂಚನ್ನು ಒಂದೊಂದಾಗಿ ಗುರುತಿಸಿದಳು. ನಾನು ಪೆಟ್ಟಿಗೆಯನ್ನು ನಾನೇ ಕೈಯಾರೆ ಮಾಡಿದವನಂತೆ ಬೀಗುತ್ತಿದ್ದೆ. ಗಟ್ಟಿಮೇಳ ಶುರುವಾಯಿತು, ಈ ಸಲ ಶಬ್ದವೂ ಚಿತ್ರವೂ ಒಟ್ಟಿಗೇ. ಅಮ್ಮ ಕಣ್ಣು ತುಂಬಿಕೊಂಡು, ಕೈಯಲ್ಲಿದ್ದುದನ್ನೆಲ್ಲ ಟೀವಿಯ ಕಡೆ ಎಸೆದಳು.

ಅರ್ಧ ಟೀವಿಗೆ ಬಿತ್ತು, ಅರ್ಧ ತೆರೆದ ಪೆಟ್ಟಿಗೆಯೊಳಗೆ. ಹೊಸ ಕಾರ್ಡಿನ ಫ್ಯಾನು ಕರಕರ ಅಂದು ನಿಂತಿತು. ಅದರ ಜೊತೆಗೇ ಚಿತ್ರವೂ ನಿಂತಿತು.

ಯಾವ ಚಿತ್ರದಲ್ಲಿ ನಿಂತಿತು ಅಂತೀರಿ? ಮುಂದೆ ಮದುಮಕ್ಕಳು, ಗಾಳಿಯಲ್ಲಿ ಅಕ್ಷತೆ. ಅವರ ಹಿಂದೆ ಊಟದ ಮನೆಯ ಬಾಗಿಲು ತೆರೆದಿದೆ. ಬಾಗಿಲ ನೇರಕ್ಕೆ ಬಾಳೆಯೆಲೆ. ಎಲೆಯ ಮುಂದೆ, ಬಡಿಸುವವನ ಕಡೆಗೆ ಕೈ ಚಾಚಿ, ಎರಡನೇ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತಿರುವ ನಾನು. ರೈಲಿಳಿದು ಬಂದ ಹಸಿವು, ಮುಹೂರ್ತಕ್ಕೆ ಇನ್ನೂ ಹೊತ್ತಿದೆ ಅಂದುಕೊಂಡು ತಿಂಡಿಗೆ ಕೂತಿದ್ದೆ. ಮಾಮೂಲಿ ವಿಡಿಯೋದಲ್ಲಾದರೆ ಯಾರೋ ಒಬ್ಬ ಮಸುಕು ಮನುಷ್ಯ. ಇದರಲ್ಲಿ ಮೀಸೆಗೆ ಅಂಟಿದ ರವೆ ಕೂಡ ಕಾಣುತ್ತಿತ್ತು.

ಅಮ್ಮ ಕನ್ನಡಕ ಏರಿಸಿಕೊಂಡು ಟೀವಿಯ ಹತ್ತಿರ ಹೋಗಿ ನೋಡಿದಳು. ನಾನು ಪೆಟ್ಟಿಗೆ ಆರಿಸೋಣವೆಂದು ಬಗ್ಗಿದರೆ, ಮುಟ್ಟಬೇಡ ಅಂದಳು.

"ನಾ ಕೊಟ್ಟ ಅಕ್ಷತೆ ಎಲ್ಲೋ?"

ನಾನು ಬಾಯಿ ಬಿಡುವ ಮೊದಲೇ ನನ್ನ ಹೆಂಡತಿ ದೇವರ ಮನೆಗೆ ಹೋಗಿ ಬಂದಳು. ಕೈಯಲ್ಲಿ ಅದೇ ಪೊಟ್ಟಣ. ಮದುವೆಯಿಂದ ಬಂದ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಸಿಕ್ಕಿತ್ತಂತೆ, ದೇವರ ಮುಂದೆ ಎತ್ತಿಟ್ಟಿದ್ದಳಂತೆ. ಇಷ್ಟು ದಿನ ಉಸಿರೆತ್ತಿರಲಿಲ್ಲ.

ಅಮ್ಮ ಪೊಟ್ಟಣ ಬಿಚ್ಚಿದಳು. ಹುಡುಗ ಹುಡುಗಿ ತಾವಾಗಿಯೇ ಎದ್ದು ಬಂದು ಬಗ್ಗಿದರು. ಇಬ್ಬರ ತಲೆಯ ಮೇಲೂ ನಿಧಾನವಾಗಿ ಅಕ್ಷತೆ ಹಾಕಿ, ನೂರು ಕಾಲ ಚೆನ್ನಾಗಿ ಬಾಳಿ ಅಂದಳು. ಹುಡುಗಿ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ನನಗೆ ನಾಚಿಕೆಯಾಯಿತು.

ಪೊಟ್ಟಣದ ತಳದಲ್ಲಿ ನಾಲ್ಕು ಕಾಳು ಉಳಿದಿದ್ದವು. ಅಮ್ಮ ನನ್ನನ್ನು ಹತ್ತಿರ ಕರೆದು, ಅದನ್ನು ನನ್ನ ತಲೆಗೆ ಹಾಕಿ ಹೇಳಿದಳು:

"ತಿಂದಿದ್ದು ಮೈಗೆ ಹತ್ತಲಿ."