ಮೂರನೇ ದೋಸೆಯಂಥ ಲ್ಯಾಪ್‌ಟಾಪ್

ನನ್ನ ಭಾವ ಹೊಸದನ್ನು ನಂಬುವ ಪೈಕಿ ಅಲ್ಲ. ಪುಣೆಯ ಬಿಬವೇವಾಡಿಯ ಅವರ ಹೋಟೆಲಿಗೆ ದಿನಾ ಬೆಳಿಗ್ಗೆ ಆರಕ್ಕೆ ಪೇಪರ್ ಬಂದು ಬೀಳುತ್ತದೆ. ಅವರು ಅದನ್ನು ಮರುದಿನ ಓದುತ್ತಾರೆ. "ಒಂದು ದಿನ ಬಿಟ್ಟರೆ ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತಾಗ್ತದೆ ಮಾರಾಯ್ತಿ" ಎಂಬುದು ಅವರ ವಾದ. ಹೊಸ ಚಪ್ಪಲಿ ತಂದರೆ ಮೊದಲ ವಾರ ಅದನ್ನು ಮೆಟ್ಟಿ ಓಡಾಡುವವರು ಅಡುಗೆಯ ಭಟ್ಟರು. ಚಪ್ಪಲಿ ಕಚ್ಚುವುದನ್ನು ಬಿಟ್ಟ ಮೇಲೆ ಭಾವನ ಕಾಲಿಗೆ ಬರುತ್ತದೆ. ಭಟ್ಟರ ಕಾಲಿನ ಬಗ್ಗೆ ಯಾರೂ ಕೇಳಿದ್ದಿಲ್ಲ.

ಇದಕ್ಕೆಲ್ಲ ಒಂದು ಸಿದ್ಧಾಂತವಿದೆ. ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷ ಪುಣೆಯವರಿಗೆ ದೋಸೆ ಹೊಯ್ದು ಕೊಟ್ಟವರು ಬೇರೆಲ್ಲಿಂದ ಸಿದ್ಧಾಂತ ತರಬೇಕು? "ಮೊದಲ ದೋಸೆ ಕಾವಲಿಗೆ, ಎರಡನೆಯದು ಕಾಗೆಗೆ, ಮೂರನೆಯದು ಮನುಷ್ಯರಿಗೆ." ಕಾವಲಿ ಹದವಾಗಿ ಕಾಯುವವರೆಗೆ ದೋಸೆ ಅಂಟುತ್ತದೆ, ಹರಿಯುತ್ತದೆ. ಮಿಕ್ಸಿ, ಸ್ಕೂಟರ್, ಫೋನು, ಸರಕಾರ ಎಲ್ಲದಕ್ಕೂ ಇದೇ ನಿಯಮ. ಹೊಸ ಮಾಡೆಲ್ ಅಂದರೆ ಮೊದಲ ದೋಸೆ. ಅದನ್ನು ಬೇರೆ ಯಾರಾದರೂ ತಿನ್ನಲಿ.

"ನಿನ್ನ ಅಪ್ಪನ ಮನೆಗೆ ಹೆಣ್ಣು ನೋಡಲು ಬಂದಾಗಲೂ ಅಷ್ಟೆ. ಇಬ್ಬರು ಹೆಣ್ಣುಮಕ್ಕಳಿದ್ದರು, ನಾನು ಹಳೇ ಮಾಡೆಲನ್ನೇ ಆರಿಸಿದೆ" ಎಂದು ಭಾವ ಆಗಾಗ ನನ್ನನ್ನು ಕೆಣಕುವುದುಂಟು. ಆಗ ನನಗೆ ಒಂಬತ್ತು ವರ್ಷ. ಮೂಗಲ್ಲಿ ಸಿಂಬಳ ಸುರಿಸಿಕೊಂಡು ಉಪ್ಪಿಟ್ಟಿನ ತಟ್ಟೆಯ ಸುತ್ತ ತಿರುಗುತ್ತಿದ್ದೆ. ಅಕ್ಕ ಒಳಗಿನಿಂದಲೇ ಉತ್ತರ ಕೊಡುತ್ತಾಳೆ: "ನನ್ನ ಅಪ್ಪ ಮಾತ್ರ ಬಂದ ಮೊದಲ ದೋಸೆಯನ್ನೇ ಅಳಿಯ ಮಾಡಿಕೊಂಡರು."

ಆ ಮದುವೆಯಲ್ಲಿ ನನಗೆ ನೆನಪಿರುವುದು ಎರಡೇ. ಒಂದು ಜಿಲೇಬಿ, ಇನ್ನೊಂದು ಭಾವನ ಅಮ್ಮ. ಆಕೆಗೆ ಆಗಲೇ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಹಣೆ, ಹುಬ್ಬು, ಕೆನ್ನೆ, ಗಲ್ಲ ಎಲ್ಲ ನಿಧಾನಕ್ಕೆ ಕೈಯಲ್ಲಿ ಮುಟ್ಟಿ ನೋಡಿ ಕೊನೆಗೆ, "ಮೂಗು ಚೂಪು ಉಂಟು. ಸಿಟ್ಟಿನವಳು" ಎಂದು ತೀರ್ಪು ಕೊಟ್ಟರು. ಕಣ್ಣಿದ್ದ ನಾವೆಲ್ಲ ಅದನ್ನು ಕಂಡುಕೊಳ್ಳಲು ವರ್ಷಗಳೇ ಬೇಕಾದವು.

ಇಂಥ ಭಾವ ಕಳೆದ ಬೇಸಿಗೆಯಲ್ಲಿ ಒಂದು ದಿನ ನನಗೆ ಫೋನು ಮಾಡಿ, "ನನಗೊಂದು ಲ್ಯಾಪ್‌ಟಾಪ್ ಬೇಕು, ಬಾ" ಎಂದರೆ ನನಗೆ ಹೇಗಾಗಿರಬೇಡ! ನಾನು ಪುಣೆಯಲ್ಲೇ ಒಂದು ಕಂಪೆನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ("ನಮ್ಮೂರಲ್ಲಿ ಅತ್ತೆಯಂದಿರು ಇದನ್ನು ಪುಕ್ಕಟೆ ಮಾಡ್ತಾರೆ" ಎಂದು ಭಾವ ಹೇಳುತ್ತಾರೆ.) ಹಾಗಾಗಿ ಮನೆಯಲ್ಲಿ ಪ್ಲಗ್ಗು ಇರುವ ವಸ್ತು ಏನೇ ತರಲಿ, ಕರೆ ನನಗೇ.

ಲ್ಯಾಪ್‌ಟಾಪ್ ಯಾಕೆ ಎಂದು ಕೇಳಿದೆ. ಬೋರ್ಡಿಗೆ, ಎಂದರು.

ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆ ಇದೆ. ಆ ದಿನದ ತಿಂಡಿಗಳ ಹೆಸರನ್ನು ಭಾವ ಬೆಳಿಗ್ಗೆ ಸ್ವತಃ ಸೀಮೆಸುಣ್ಣದಲ್ಲಿ ಮರಾಠಿಯಲ್ಲಿ ಬರೆಯುತ್ತಾರೆ. ಮೊದಲು ಅದರಲ್ಲಿ ಒಂಬತ್ತು ತಿಂಡಿ ಹಿಡಿಸುತ್ತಿತ್ತು. ಆಮೇಲೆ ಆರಾಯಿತು, ಮೂರಾಯಿತು. ಅಕ್ಷರಗಳು ಮಳೆಗಾಲದ ಸೌತೆಕಾಯಿಯಂತೆ ದಿನೇ ದಿನೇ ಬೆಳೆಯತೊಡಗಿ, ಒಂದು ದಿನ ಇಡೀ ಹಲಗೆಯಲ್ಲಿ 'ನೀರ್ ದೋಸಾ' ಮಾತ್ರ ಉಳಿಯಿತು. ದಿನಾ ಬರುವ ಧಾರವಾಡದ ಮಾಸ್ತರರೊಬ್ಬರು ಒಳಗೆ ಇಣುಕಿ, "ಏನ್ರೀ ಮಾಲಕರ, ಇವತ್ತ ನೀರ್ ದ್ವಾಸಿ ಒಂದ ಅದ ಏನ್ರಿ? ಇಡ್ಲಿ ಬಂದ್ ಮಾಡೀರೇನು?" ಎಂದು ಕೇಳಿದರು. ದೊಡ್ಡದಾಗಿ ಬರೆದರೇ ಗಿರಾಕಿಗಳಿಗೆ ಕಾಣುವುದು, ಆದರೆ ಹಲಗೆ ಸಾಲುವುದಿಲ್ಲ, ಹಾಗಾಗಿ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ಟೈಪು ಮಾಡಿ ಅಚ್ಚು ಹಾಕಿಸುವುದು. ಇದು ಭಾವನ ಯೋಜನೆ.

ಆಗ ಅಂಗಡಿಯಲ್ಲಿ ನಮ್ಮ ಲೆಕ್ಕಕ್ಕೆ ಹೊಂದುವವು ಎರಡಿದ್ದವು. ಹಿಂದಿನ ವರ್ಷದ ಮಾಡೆಲ್, ಬೂದು ಬಣ್ಣದ್ದು. ಈ ವರ್ಷದ್ದು, ನೀಲಿ. ನೀಲಿ ಅಂದರೆ ಅಂತಿಂಥ ನೀಲಿಯಲ್ಲ, ನವಿಲಿನ ಕತ್ತಿನ ನೀಲಿ. ಮೈಕಟ್ಟು ಎರಡಕ್ಕೂ ಒಂದೇ. ಬೂದು ಬಣ್ಣದ್ದು ಹತ್ತು ನಿಮಿಷದಲ್ಲಿ ಮುಗಿಯಬೇಕಾದ ವ್ಯಾಪಾರವಾಗಿತ್ತು, ಯಾಕೆಂದರೆ ಮೂರನೇ ದೋಸೆ ಕಣ್ಣೆದುರೇ ಇತ್ತು.

ಮುಗಿಯಲಿಲ್ಲ. ನಾವು ಆ ಅಂಗಡಿಗೆ ಏಳು ಸಲ ಹೋದೆವು!

ಅಂಗಡಿಯ ಯಜಮಾನರು ಅಪ್ಪಟ ಪುಣೇಕರ್. ಗೋಡೆಯ ಮೇಲೆ 'ಕೊಳ್ಳುವವರು ಮಾತ್ರ ಮುಟ್ಟಿ', 'ಮಧ್ಯಾಹ್ನ ಒಂದರಿಂದ ನಾಲ್ಕು ನಾವು ಮನುಷ್ಯರು' ಎಂಬ ಫಲಕಗಳು. ಅಂಥವರ ಮುಂದೆ ಭಾವ ಮೊದಲ ದಿನ ಬೂದು ಬಣ್ಣದ್ದರ ಪರದೆಯನ್ನು ಕರವಸ್ತ್ರದಿಂದ ಒರೆಸಿದರು. ಮತ್ತೆ ಒರೆಸಿದರು. "ಇದರ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಹಬೆ ಕೂತಿದೆ." ಮುಂದಿನ ಸಲ ನೀಲಿಯದರ ಮೇಲೂ ಹಬೆ ಕಂಡಿತು. ಮೂರನೇ ಸಲ ಅಂಗಡಿಯ ಟ್ಯೂಬ್‌ಲೈಟ್ ಸರಿಯಿಲ್ಲ ಎಂದರು. ಐದನೇ ಸಲಕ್ಕೆ ಯಜಮಾನರು ಸೋತು, "ಘ್ಯಾಯಚಂ ತರ ಘ್ಯಾ, ನಾಹೀತರ ಚಹಾ ಘ್ಯಾ" ಎಂದರು. ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಚಹಾ ಕುಡಿಯಿರಿ. ಪುಣೆಯ ಅಂಗಡಿಯವರೊಬ್ಬರು ಗಿರಾಕಿಗೆ ಚಹಾ ಕುಡಿಸಿದರೆಂದರೆ ಅದು ಗೌರವವೋ ಹತಾಶೆಯೋ ನೀವೇ ಊಹಿಸಿ.

ಆ ಹೊತ್ತಿಗೆ ಭಾವನ ದೂರಿನ ಪಟ್ಟಿ ಉದ್ದವಾಗಿತ್ತು. ಪೇಪರಿನವರು ಶಾಯಿಗೆ ನೀರು ಬೆರೆಸುತ್ತಾರೆ. ಹಾಗಾಗಿ ಈಗ ಪೇಪರನ್ನು ಮರುದಿನವೂ ಓದುವುದಿಲ್ಲ. ಫೋನಿನ ಕಂಪೆನಿಯವರು ಅಕ್ಷರ ಸಣ್ಣ ಮಾಡಿದ್ದಾರೆ. ಮಹಾನಗರ ಪಾಲಿಕೆ ಬೀದಿದೀಪಕ್ಕೆ ಒಂದೊಂದು ಬಾಲ ಅಂಟಿಸಿದೆ. ಜುಲೈಯಲ್ಲಿ ನಾವೆಲ್ಲ ಲೋಣಾವಳಾಕ್ಕೆ ಹೋಗಿದ್ದೆವು. ಕಣಿವೆ ನೋಡೋಣ ಎಂದು ಹೋದರೆ ಮಂಜೋ ಮಂಜು, ಎದುರಿನ ಚಿಕ್ಕಿ ಅಂಗಡಿಯೂ ಕಾಣದು. ಎಲ್ಲರ ಮುಖವೂ ಬಾಡಿತು, ಭಾವ ಒಬ್ಬರನ್ನು ಬಿಟ್ಟು. "ಏನೂ ಕಾಣುವುದಿಲ್ಲವಾ? ಯಾರಿಗೂ? ನಿನಗೂ?" ಎಂದು ಒಬ್ಬೊಬ್ಬರನ್ನೇ ಕೇಳಿ, ಆ ಇಡೀ ದಿನ ಮದುಮಗನ ಹಾಗೆ ಸಂತೋಷವಾಗಿದ್ದರು. ಇವರಿಗೆ ಸ್ಕ್ರೂ ಸಡಿಲವಾಗಿದೆ ಎಂದುಕೊಂಡು ನಾನು ಚಿಕ್ಕಿ ತಿಂದೆ.

ಅಕ್ಕನದು ಬೇರೆಯೇ ದೂರು. "ಬೆಳಿಗ್ಗೆ ಕಾಫಿ ಕೊಡಲು ಹೋದರೆ ಮುಖ ಸವರ್ತಾರೆ ಮಾರಾಯ್ತಿ. ಈ ವಯಸ್ಸಲ್ಲಿ ಇವರಿಗೆ ಎಂತ ಪ್ರೀತಿ ಉಕ್ಕಿದ್ದೋ ಏನೋ. ಕೈಯೆಲ್ಲ ಈರುಳ್ಳಿ ವಾಸನೆ." ನಾನು ಅದಕ್ಕೂ ಹೊಟ್ಟೆ ತುಂಬ ನಕ್ಕೆ.

ಏಳನೇ ಸಲ ಅಂಗಡಿಗೆ ಹೋದಾಗ ನನಗೆ ರೇಗಿಹೋಗಿತ್ತು. ಭಾವ ಅಂತೂ ಎಡಕ್ಕಿದ್ದ ಬೂದು ಬಣ್ಣದ್ದರ ಕಡೆ ಒಲಿದಿದ್ದರು. ಬಲಕ್ಕಿದ್ದ ನೀಲಿಯದು ಬೇಡ, ಅದರ ಅಕ್ಷರ ಮಸುಕು ಎಂದಿದ್ದರು. ಅಷ್ಟರಲ್ಲಿ ಹೋಟೆಲಿನಿಂದ ಭಟ್ಟರ ಫೋನು ಬಂತು, ಉದ್ದು ಎಷ್ಟು ನೆನೆಹಾಕುವುದೆಂದು ಕೇಳಲು. ಭಾವ ಬಾಗಿಲ ಕಡೆಗೆ ತಿರುಗಿ ಮಾತಾಡುತ್ತಿದ್ದಾಗ ನಾನು ಎರಡೂ ಲ್ಯಾಪ್‌ಟಾಪುಗಳ ಜಾಗ ಅದಲುಬದಲು ಮಾಡಿದೆ. ಭಾವ ಕೂತ ಕೂಡಲೇ ಕಂಡುಹಿಡಿದು ಬಯ್ಯುತ್ತಾರೆ, ಆಗ "ಹಾಗಾದರೆ ಬೂದು ಬಣ್ಣದ್ದೇ ಖಾಯಂ ತಾನೆ?" ಎಂದು ಒತ್ತಾಯಿಸಿ ಬಿಲ್ ಮಾಡಿಸಿಬಿಡುವುದು ನನ್ನ ಉಪಾಯ. ಯಜಮಾನರು ಚಹಾ ಬಗ್ಗಿಸುತ್ತ ಮೀಸೆಯಲ್ಲೇ ನಕ್ಕರು.

ಭಾವ ಬಂದು ಕೂತರು. ಎಡಕ್ಕಿದ್ದ ಲ್ಯಾಪ್‌ಟಾಪಿನ ಬೆನ್ನು ತಟ್ಟಿದರು. "ಏನೇ ಹೇಳು, ಇದೇ ಒಳ್ಳೆಯದು. ಬಣ್ಣ ನೋಡು, ಹಳೇ ಸ್ಟೀಲಿನ ಪಾತ್ರೆಯ ಹಾಗೆ. ಮರ್ಯಾದಸ್ಥರ ಬಣ್ಣ."

ಅವರ ಕೈಯ ಕೆಳಗಿದ್ದದ್ದು ನವಿಲಿನ ನೀಲಿ.

ಯಜಮಾನರ ಚಹಾ ಅರ್ಧಕ್ಕೆ ನಿಂತಿತು. "ಭಾವ, ಅದು ಯಾವ ಬಣ್ಣ?" ಎಂದೆ. "ಬೂದು." "ಮತ್ತೆ ಇದು?" ಅವರು ಆ ಕಡೆ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. "ಅದೂ ಒಂದು ನಮೂನೆಯ ಬೂದೇ ಅಲ್ಲವಾ?" ಎಂದರು. ಆಮೇಲೆ ಚಹಾದ ಲೋಟಕ್ಕೆ ಕೈ ಚಾಚಿದರು. ಕೈ ಲೋಟದ ಪಕ್ಕದಲ್ಲಿ ಹೋಗಿ ಮೇಜನ್ನು ತಡವಿತು.

ಯಂತ್ರ ಬದಲಿಸಿದರೂ ದೋಷ ಹಾಗೇ ಉಳಿದರೆ ದೋಷ ಯಂತ್ರದ್ದಲ್ಲ. ಇದು ನನ್ನ ಕಸುಬಿನ ಮೊದಲ ಪಾಠ. ಎಷ್ಟು ತಿಂಗಳು ನನ್ನ ಮೂಗಿನ ಕೆಳಗೇ ಇದ್ದದ್ದು ನನಗೆ ಕಾಣಲಿಲ್ಲವಲ್ಲ! ಆ ದಿನ ನನ್ನ ಸಂಬಳದ ಬಗ್ಗೆ ನನಗೇ ನಾಚಿಕೆಯಾಯಿತು.

ಹಿಂತಿರುಗುವಾಗ ರಿಕ್ಷಾದಲ್ಲಿ ಭಾವ ಮೊದಲು ಹೇಳಿದ್ದು, "ಅಕ್ಕನಿಗೆ ಹೇಳಬೇಡ." ರಿಕ್ಷಾ ಸ್ವಾರಗೇಟ್ ದಾಟಿತು. ಆಮೇಲೆ, "ಅಮ್ಮನಿಗೂ ಹೀಗೇ ಶುರುವಾದದ್ದು. ಇದೇ ಪ್ರಾಯದಲ್ಲಿ."

"ಡಾಕ್ಟರಿಗೆ ಯಾಕೆ ತೋರಿಸಲಿಲ್ಲ?"

"ತೋರಿಸಿದರೆ ಹೇಳಿಬಿಡ್ತಾರಲ್ಲ. ಹೇಳುವವರೆಗೆ ಅದಲ್ಲ ಅಂತ ಇರಬಹುದು."

"ಮತ್ತೆ ಈ ಲ್ಯಾಪ್‌ಟಾಪ್ ಯಾಕೆ?"

"ತೆಗೊಂಡರೆ ಓದಬೇಕಾಗ್ತದೆ. ಆರಿಸ್ತಾ ಇದ್ದರೆ ಆರಿಸ್ತಾ ಇದ್ದೇನೆ ಅಂತ ಆಯ್ತಲ್ಲ."

ನಾನು ಅಕ್ಕನಿಗೆ ಹೇಳಿದೆ. ಹೇಳದೆ ಇರುತ್ತೇನೆಯೇ? ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಅಕ್ಕ ಕಾವಲಿಯನ್ನು ಭಟ್ಟರಿಗೆ ಒಪ್ಪಿಸಿ ಗಂಡನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ಬಯ್ದಳು. ಕಣ್ಣಿಗೆ ಔಷಧಿಯ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದ ಮೇಲೆ ಮಾತು ನಿಲ್ಲಿಸಿದಳು. ಅವಳ ಬಯ್ಗುಳವೇ ವಾಸಿ ಎಂದು ನನಗೆ ಅನಿಸಿದ್ದು ಅದೇ ಮೊದಲು.

ಡಾಕ್ಟರಮ್ಮ ಎಲ್ಲ ಯಂತ್ರಗಳಲ್ಲಿ ನೋಡಿ ಮುಗಿಸಿ, "ಮೋತಿಬಿಂದು" ಎಂದರು. ಅಂದರೆ ಪೊರೆ. ಎರಡೂ ಕಣ್ಣಿಗೆ, ಚೆನ್ನಾಗಿಯೇ ಬಲಿತಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ?

ಭಾವನ ಅಮ್ಮನ ಕಣ್ಣು ತಿಂದ ಗ್ಲಾಕೋಮಾ ಕಾಯಿಲೆಗೆ ಮರಾಠಿಯಲ್ಲಿ ಕಾಚಬಿಂದು ಅನ್ನುತ್ತಾರೆ. ಅದರಲ್ಲಿ ಹೋದ ದೃಷ್ಟಿ ಹೋದದ್ದೇ. ಪೊರೆಯಾದರೆ ತೆಗೆದರೆ ಆಯಿತು. "ಕಾಚಬಿಂದು ನಾಹೀ?" ಎಂದು ಭಾವ ಕೇಳಿದರು. "ನಾಹೀ." ನಂಬಿಕೆಯಾಗದೆ ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದರು. ಕೊನೆಗೆ ಅಪ್ಪಟ ಕನ್ನಡದಲ್ಲಿ, "ಅಮ್ಮನಿಗೆ ಬಂದದ್ದಲ್ಲವಾ ಇದು?" ಎಂದರು. ಡಾಕ್ಟರಮ್ಮನಿಗೆ ಒಂದು ಅಕ್ಷರ ಅರ್ಥವಾಗದಿದ್ದರೂ ಭಾವನ ಮುಖ ನೋಡಿ, "ನಾಹೀ ಕಾಕಾ, ನಾಹೀ" ಎಂದರು. ಅಕ್ಕ ನಗಲು ಹೊರಟು ಅತ್ತುಬಿಟ್ಟಳು. ನನ್ನ ಎದೆಯ ಮೇಲಿಂದ ಒಂದು ರುಬ್ಬುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

ಇನ್ನೇನು ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ ಡಾಕ್ಟರಮ್ಮ ಒಂದು ತಪ್ಪು ಮಾಡಿದರು. ಕಣ್ಣೊಳಗೆ ಕೂರಿಸುವ ಲೆನ್ಸುಗಳ ಪಟ್ಟಿ ತೋರಿಸಿ, ಇದು ಹಳೆಯ ಬಗೆ, ಇದು ಹೊಸದು, ಯಾವುದು ಬೇಕು ಎಂದು ಕೇಳಿದರು. ಆರಿಸಿ ಎಂದು ಭಾವನಿಗೆ ಹೇಳುವುದೇ? ನನಗೆ ಮತ್ತೆ ಏಳು ಸಲದ ಓಡಾಟ ಕಣ್ಣಿಗೆ ಕಟ್ಟಿತು. ಭಾವ ಮುಂದಕ್ಕೆ ಬಗ್ಗಿ, ಈ ಹೊಸದು ಎಷ್ಟನೇ ದೋಸೆ ಎಂದು ಕೇಳಿದರು. ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಸಿದ್ಧಾಂತವನ್ನು ಮರಾಠಿಗೆ ಅನುವಾದಿಸಿ ಒಪ್ಪಿಸಿದೆ. ಆಕೆ ಗಂಭೀರವಾಗಿ ಯೋಚಿಸಿ, "ಗುರುವಾರದ ಪಟ್ಟಿಯಲ್ಲಿ ಈ ಲೆನ್ಸ್ ಹಾಕಿಸಿಕೊಳ್ಳುವವರಲ್ಲಿ ನೀವು ನಾಲ್ಕನೆಯವರು" ಎಂದರು.

"ನಾಲ್ಕನೆಯದಾ? ಹಾಗಾದರೆ ಹಾಕಿ" ಎಂದರು ಭಾವ.

ಗುರುವಾರ ಬಲಗಣ್ಣು ಆಯಿತು, ಎಡಗಣ್ಣು ಆಮೇಲೆ ಎಂದರು ಡಾಕ್ಟರಮ್ಮ. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಶುರುವಾಯಿತು ನೋಡಿ ಅವರ ಹೊಸ ಆಟ. ಒಂದು ಕಣ್ಣು ಮುಚ್ಚುವುದು, ಇನ್ನೊಂದು ತೆರೆಯುವುದು. "ಎಡಗಣ್ಣಲ್ಲಿ ಹಾಲು ಚಹಾ, ಬಲಗಣ್ಣಲ್ಲಿ ಹಾಲು ಹಾಲೇ. ಅಯ್ಯೋ, ಈ ಗೋಡೆ ಬಿಳಿಯದಾ?" ಸಿಕ್ಕ ಸಿಕ್ಕವರನ್ನೆಲ್ಲ ಹಳೇ ಮಾಡೆಲಿನಲ್ಲೊಮ್ಮೆ ಹೊಸ ಮಾಡೆಲಿನಲ್ಲೊಮ್ಮೆ ನೋಡಿದರು. ಎದುರು ಮನೆಯ ಹೆಂಗಸು, ಭಾವ ತನಗೆ ಕಣ್ಣು ಹೊಡೆದರೆಂದು ಅಕ್ಕನಲ್ಲಿ ದೂರು ತಂದಳು.

ಮೂರು ವಾರ ಬಿಟ್ಟು ಅಂಗಡಿಗೆ ಹೋದೆವು, ಎಂಟನೇ ಸಲ. ಭಾವ ನೀಲಿಯದರ ಮುಂದೆ ನಿಂತು ಒಂದೊಂದೇ ಕಣ್ಣಲ್ಲಿ ನೋಡಿದರು. "ಇಷ್ಟು ಒಳ್ಳೆಯ ನೀಲಿ ಅಂತ ನೀವು ಹೇಳಲೇ ಇಲ್ಲವಲ್ಲ" ಎಂದು ಯಜಮಾನರನ್ನೇ ದಬಾಯಿಸಿದರು. ಅವರು ಕೈ ಮುಗಿದು, ಕಾಕಾ, ನೀವು ಆರಿಸುವಷ್ಟರಲ್ಲಿ ಅದಕ್ಕಿಂತ ಹೊಸ ಮಾಡೆಲ್ ಬಂದಿದೆ, ಈಗ ನೀಲಿಯೇ ಹಳೆಯದು ಎಂದರು. ಸಿದ್ಧಾಂತಕ್ಕೆ ಕೂದಲಷ್ಟೂ ಕೊಂಕಿಲ್ಲ. ಬಿಲ್ ಆಯಿತು. ಯಜಮಾನರು ಈ ಸಲ ಚಹಾ ಕೊಡಲಿಲ್ಲ, ಪೇಡೆ ಕೊಟ್ಟರು.

ಆ ಲ್ಯಾಪ್‌ಟಾಪಿಗೆ ಈಗ ಕೆಲಸವಿಲ್ಲ. ಬೋರ್ಡಿನಲ್ಲಿ ಅಕ್ಷರಗಳು ಮೊದಲಿನ ಅಳತೆಗೆ ಬಂದಿವೆ. ಒಂಬತ್ತು ತಿಂಡಿ ಹಿಡಿಸಿ ಮೂಲೆಯಲ್ಲಿ ಸ್ವಲ್ಪ ಜಾಗವೂ ಉಳಿಯುತ್ತದೆ.

ಮೊನ್ನೆ ಮಧ್ಯಾಹ್ನ ಹೋಟೆಲಿನ ಬಿಡುವಿನ ಹೊತ್ತಿನಲ್ಲಿ ನಾನು ಹೋದಾಗ ಅಕ್ಕ ಭಾವನಿಗೆ ಕಾಫಿ ತಂದು ಕೊಡುತ್ತಿದ್ದಳು. ಭಾವ ಲೋಟ ಕೆಳಗಿಟ್ಟು ಎಡಗಣ್ಣು ಮುಚ್ಚಿ ಅವಳ ಮುಖ ನೋಡಿದರು. ಆಮೇಲೆ ಬಲಗಣ್ಣೂ ಮುಚ್ಚಿಕೊಂಡು, ಕೈ ಎತ್ತಿ, ಅವಳ ಹಣೆ, ಹುಬ್ಬು, ಕೆನ್ನೆಯನ್ನು ನಿಧಾನಕ್ಕೆ ಸವರಿದರು. ಕಣ್ಣು ತೆರೆದು ನೋಡಿದರು. ಮತ್ತೆ ಮುಚ್ಚಿ ಸವರಿದರು.

"ಈಗ ಕಣ್ಣು ಕಾಣ್ತದಲ್ಲ, ಇನ್ನೆಂತಕ್ಕೆ ಇದು?" ಎಂದಳು ಅಕ್ಕ.

"ಆಗ ಕೈಯಲ್ಲಿ ಕಲಿತಿಟ್ಟುಕೊಂಡದ್ದು ಸರಿ ಉಂಟಾ ಅಂತ ನೋಡ್ತೇನೆ."

ಬೆಳಿಗ್ಗೆ ಬೆಳಿಗ್ಗೆ ಈ ಮನುಷ್ಯ ತನ್ನ ಮುಖವನ್ನು ಬಾಯಿಪಾಠ ಮಾಡುತ್ತಿದ್ದದ್ದು ಎಂದು ಅಕ್ಕನಿಗೆ ಆಗ ತಿಳಿಯಿತು. ನಕ್ಕಿದ್ದ ನನಗೂ ಆಗಲೇ ತಿಳಿದದ್ದು. ಈರುಳ್ಳಿಯ ಕೈಯನ್ನು ಅವಳು ತಳ್ಳಲಿಲ್ಲ.

"ಮೂಗು?" ಎಂದು ಕೇಳಿದಳು.

"ಚೂಪೇ ಉಂಟು" ಎಂದರು ಭಾವ.